ವರ್ಷ ದಾಟಿದ ಮಗು: ಊಟಕ್ಕೂ ನಿದ್ದೆಗೂ ಮುಂಬೈ ಮನೆಗೆ ಒಗ್ಗುವ ದಿನಚರಿ

ಮಗುವಿಗೆ ವರ್ಷ ತುಂಬುತ್ತಿದ್ದಂತೆ ಮನೆಯಲ್ಲಿ ಎರಡು ದೂರುಗಳು ಜೊತೆಯಾಗಿ ಏಳುತ್ತವೆ: ಸರಿಯಾಗಿ ಉಣ್ಣುವುದಿಲ್ಲ, ಹೊತ್ತಿಗೆ ಮಲಗುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಸರಿಪಡಿಸಲು ಹೊರಟವರು ಸೋಲುವುದೇ ಹೆಚ್ಚು. ನಿದ್ದೆಗೆಟ್ಟ ಮಗು ತಟ್ಟೆ ಕಂಡರೆ ಮುಖ ತಿರುಗಿಸುತ್ತದೆ. ದಿನವಿಡೀ ಏನಾದರೊಂದು ಮೆಲ್ಲುತ್ತಿರುವ ಮಗುವಿಗೆ ಊಟದ ಹೊತ್ತಿಗೆ ಹಸಿವಿರುವುದಿಲ್ಲ. ಅರೆಹೊಟ್ಟೆಯಲ್ಲಿ ಮಲಗಿ ಮುಕ್ಕಾಲು ಗಂಟೆಗೇ ಎದ್ದು ಅಳುತ್ತದೆ.

ಸಂಜೆ ಏಳಕ್ಕೆ ಮಗುವನ್ನು ಮಲಗಿಸಿ ಎನ್ನುವ ಹೊರದೇಶದ ವೇಳಾಪಟ್ಟಿ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಡೊಂಬಿವಲಿ, ಮೀರಾ ರೋಡ್, ವಾಶಿಯ ಮನೆಗಳಲ್ಲಿ ಆ ಹೊತ್ತಿಗೆ ಅಪ್ಪನೋ ಅಮ್ಮನೋ ಇನ್ನೂ ಲೋಕಲ್ ರೈಲಿನಲ್ಲಿ ನಿಂತಿರುತ್ತಾರೆ. ಆದ್ದರಿಂದ ದಿನಚರಿಯನ್ನು ನಿಮ್ಮ ಮನೆಯ ಗಡಿಯಾರ ನೋಡಿಯೇ ಕಟ್ಟಬೇಕು.

ಅದಕ್ಕೂ ಮೊದಲು ಒಂದು ಸಮಾಧಾನದ ಮಾತು. ಸಾಮಾನ್ಯವಾಗಿ ಮಗುವಿನ ತೂಕ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹುಟ್ಟಿದಾಗಿನ ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷವಿಡೀ ಏರುವುದು ಸುಮಾರು ಎರಡು, ಎರಡೂವರೆ ಕಿಲೊ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಹತ್ತು ತಿಂಗಳಲ್ಲಿ ಬಟ್ಟಲು ಗಂಜಿ ಖಾಲಿ ಮಾಡುತ್ತಿದ್ದ ಮಗು ಹದಿನೈದನೆಯ ತಿಂಗಳಲ್ಲಿ ನಾಲ್ಕು ತುತ್ತಿಗೆ ಸಾಕೆಂದರೆ ಅದನ್ನು ಕಾಯಿಲೆಯೆಂದು ಎಣಿಸಬೇಕಿಲ್ಲ.

ಏಳುವ ಹೊತ್ತು ಗಟ್ಟಿ ಮಾಡಿ

ಮೂರು ದಿನ ಏನನ್ನೂ ಬದಲಿಸದೆ ಬರೆದಿಡಿ. ಮಗು ಎದ್ದದ್ದು, ಮಲಗಿದ್ದು, ತಿಂದದ್ದು, ಕುಡಿದದ್ದು ಎಲ್ಲವನ್ನೂ. ಚಹಾದಲ್ಲಿ ಅದ್ದಿಕೊಟ್ಟ ಬಿಸ್ಕತ್ತೂ ಪಟ್ಟಿಯಲ್ಲಿರಲಿ. ಬಹುತೇಕ ಮನೆಗಳಲ್ಲಿ ಈ ಕಾಗದ ನೋಡಿದೊಡನೆಯೇ ಅರ್ಧ ಉತ್ತರ ಸಿಗುತ್ತದೆ.

ನಾಲ್ಕನೆಯ ದಿನದಿಂದ ಬೆಳಗ್ಗೆ ಏಳುವ ಹೊತ್ತನ್ನು ನಿಗದಿ ಮಾಡಿ. ಏಳು ಗಂಟೆಯೆಂದರೆ ಏಳು ಗಂಟೆ, ಭಾನುವಾರವೂ ಅಷ್ಟೇ. ರಾತ್ರಿ ಮಲಗುವ ಹೊತ್ತು ನಮ್ಮ ಹಿಡಿತದಲ್ಲಿಲ್ಲ, ಎಬ್ಬಿಸುವ ಹೊತ್ತು ಇದೆ. ಪರದೆ ಸರಿಸಿ, ಬೆಳಕು ಮುಖಕ್ಕೆ ಬೀಳುವಂತೆ ಕಿಟಕಿಯ ಬಳಿ ಎತ್ತಿಕೊಂಡು ನಿಲ್ಲಿ. ಬೆಳಗಿನ ಬೆಳಕೇ ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತದೆ. ಮಳೆಗಾಲದ ಮಬ್ಬಿನಲ್ಲಿ ಮನೆಯ ದೀಪಗಳನ್ನೆಲ್ಲ ಹಾಕಿಬಿಡಿ.

ಎರಡು ಊಟಗಳ ನಡುವೆ ಬಾಯಿಗೆ ಬಿಡುವು

ಇಡೀ ದಿನಚರಿಯ ಜೀವ ಇರುವುದು ಇಲ್ಲಿ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಮೂರರಿಂದ ನಾಲ್ಕು ಊಟ, ಬೇಕಿದ್ದರೆ ಒಂದೆರಡು ಬಾರಿ ತಿಂಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಬಾರಿಗೂ ಇನ್ನೊಂದು ಬಾರಿಗೂ ನಡುವೆ ಎರಡೂವರೆಯಿಂದ ಮೂರೂವರೆ ಗಂಟೆ ಬಿಡುವಿರಲಿ. ಆ ಬಿಡುವಿನಲ್ಲಿ ನೀರು ಮಾತ್ರ. ಕೈಗೊಂದು ಬಿಸ್ಕತ್ತು, ಅಳು ನಿಲ್ಲಿಸಲು ಕುರುಮುರಿ, ಪಕ್ಕದ ಮನೆಯವರು ಕೊಟ್ಟ ಚಾಕೊಲೇಟ್ ಎಲ್ಲ ಸೇರಿಯೇ ಮಧ್ಯಾಹ್ನದ ಅನ್ನ ತಟ್ಟೆಯಲ್ಲಿ ಉಳಿಯುತ್ತದೆ.

ಹಾಲಿನ ಬಗ್ಗೆ ನಮ್ಮವರಿಗೆ ಧಾರಾಳ ಹೆಚ್ಚು. ಮಗು ಉಣ್ಣಲಿಲ್ಲ, ಹಾಲಾದರೂ ಕುಡಿಯಲಿ ಎಂದು ಬಾಟಲಿ ಕೊಡುತ್ತಾರೆ. ಹಾಲಿನಿಂದ ಹೊಟ್ಟೆ ತುಂಬುತ್ತದೆ, ಮುಂದಿನ ಊಟವೂ ತಪ್ಪುತ್ತದೆ, ಮತ್ತೆ ಹಾಲು. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ದಿನಕ್ಕೆ ಅರ್ಧ ಲೀಟರ್ ಮೀರಿ ಕುಡಿಯುವ ಮಕ್ಕಳಲ್ಲಿ ರಕ್ತಹೀನತೆ ಕಾಣಿಸುವುದಕ್ಕೆ ಇದೊಂದು ಮುಖ್ಯ ಕಾರಣ. 350ರಿಂದ 400 ಮಿಲಿಲೀಟರ್ ಸಾಕು, ಅದೂ ಲೋಟದಲ್ಲಿ. ಎದೆಹಾಲು ಕುಡಿಯುವ ಮಗುವಿಗೆ ಎರಡು ವರ್ಷದವರೆಗೆ, ಆಮೇಲೂ ಕೊಡಬಹುದು; ಎದ್ದಾಗ, ಮಲಗುವ ಮೊದಲು ಎಂದು ಹೊತ್ತು ಗೊತ್ತು ಮಾಡಿಕೊಂಡರೆ ಊಟಕ್ಕೆ ಅಡ್ಡಿಯಾಗುವುದಿಲ್ಲ.

ಏಳಕ್ಕೆ ಏಳುವ, ಮಧ್ಯಾಹ್ನ ಒಮ್ಮೆ ಮಲಗುವ ಮಗುವಿನ ದಿನ ಹೀಗಿರಬಹುದು: ಎದ್ದೊಡನೆ ಹಾಲು, ಎಂಟೂವರೆಗೆ ಬೆಳಗಿನ ತಿಂಡಿ, ಹನ್ನೆರಡಕ್ಕೆ ಊಟ, ಒಂದರಿಂದ ಮೂರರವರೆಗೆ ನಿದ್ದೆ, ಮೂರೂವರೆಗೆ ಹಣ್ಣು ಅಥವಾ ತಿಂಡಿ, ಸಂಜೆ ಹೊರಗೆ ಆಟ, ಏಳಕ್ಕೆ ರಾತ್ರಿಯೂಟ, ಎಂಟೂವರೆಗೆ ಸ್ವಲ್ಪ ಹಾಲು, ಒಂಬತ್ತಕ್ಕೆ ಹಾಸಿಗೆ.

ತಟ್ಟೆಯ ಮುಂದೆ

ಏನು, ಯಾವಾಗ, ಎಲ್ಲಿ ಕೊಡಬೇಕೆಂದು ದೊಡ್ಡವರು ನಿರ್ಧರಿಸಲಿ. ಎಷ್ಟು ತಿನ್ನಬೇಕೆಂಬುದು ಮಗುವಿನ ಪಾಲಿಗಿರಲಿ. ಹೇಳುವುದು ಸುಲಭ, ಪಾಲಿಸುವುದು ಕಷ್ಟ.

ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಮೊಮ್ಮಗನನ್ನು ನೋಡಿಕೊಳ್ಳಲೆಂದು ಕುಂದಾಪುರದಿಂದ ಒಬ್ಬ ಅಜ್ಜಿ ಬಂದಿದ್ದರು. ಪ್ಯಾಸೇಜಿನ ತುದಿಯಿಂದ ಲಿಫ್ಟಿನವರೆಗೆ ಬಟ್ಟಲು ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದರು; ಇನ್ನೊಂದು ಕೈಯಲ್ಲಿ ಹಾಡು ಹಾಕಿದ ಮೊಬೈಲ್. ಹುಡುಗ ಲಿಫ್ಟಿನ ಗುಂಡಿ ನೋಡುತ್ತ ಬಾಯಿ ತೆರೆದಾಗ ತುತ್ತು ಒಳಗೆ ಹೋಗುತ್ತಿತ್ತು. ಆದರೆ ಅವನು ನುಂಗುತ್ತಿರಲಿಲ್ಲ. ಎಡಗೆನ್ನೆ ಉಬ್ಬಿಸಿಕೊಂಡು ಅನ್ನವನ್ನು ಹಾಗೆಯೇ ಇಟ್ಟುಕೊಂಡಿರುತ್ತಿದ್ದ. ಒಂದು ದಿನ ಮಲಗಿಸುವ ಮುನ್ನ ಬಾಯಿ ಒರೆಸಲು ಹೋದ ಸೊಸೆಯ ಬೆರಳಿಗೆ ಆ ತೊವ್ವೆ ಅನ್ನ ಸಿಕ್ಕಿತು. "ಅತ್ತೆ, ನಾಳೆಯಿಂದ ಅವನು ನಮ್ಮ ಜೊತೆಯಲ್ಲೇ ಕುಳಿತುಕೊಳ್ಳಲಿ, ನೀವು ಉಂಡು ತೋರಿಸಿ" ಎಂದಳು ಅವಳು. ಅಜ್ಜಿ ಒಪ್ಪಿದರು. ಅವರು ನೆಲದ ಮೇಲೆ ಚಾಪೆ ಹಾಸಿ ತಮ್ಮ ಬಟ್ಟಲಿನ ಪಕ್ಕದಲ್ಲೇ ಅವನದನ್ನೂ ಇಟ್ಟು ಉಣ್ಣತೊಡಗಿದ ಮೇಲೆ ಹುಡುಗ ತಾನೇ ಕೈ ಹಾಕಲು ಕಲಿತ.

ನಿದ್ದೆಗಣ್ಣಿನಲ್ಲಿ, ಓಡುತ್ತ, ಮೊಬೈಲ್ ಪರದೆ ನೋಡುತ್ತ ತಿಂದ ತುತ್ತು ಹೀಗೆ ಬಾಯಲ್ಲೇ ಉಳಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಆದ್ದರಿಂದ ಒಂದೇ ಜಾಗ, ಕುಳಿತೇ ಊಟ, ಮೊಬೈಲ್ ಬೇಡ. ಇಪ್ಪತ್ತರಿಂದ ಮೂವತ್ತು ನಿಮಿಷ ಕಾಯಿರಿ. ಮುಖ ತಿರುಗಿಸಿದರೆ, ತಟ್ಟೆ ತಳ್ಳಿದರೆ ಸಾಕೆಂದು ಅರ್ಥ. ಗದರದೆ, ಬದಲಿ ತಿಂಡಿ ಕೊಡದೆ ತಟ್ಟೆ ಎತ್ತಿಡಿ. ಮೊದಲ ಎರಡು ಮೂರು ದಿನ ಹೊಟ್ಟೆ ಚುರುಕ್ ಎನ್ನುವುದು ಮಗುವಿಗಲ್ಲ, ನಮಗೆ.

ಮಗುವಿಗೆಂದು ಬೇರೆ ಅಡುಗೆ ಬೇಕಿಲ್ಲ. ಕರಾವಳಿಯವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಇಡ್ಲಿ, ಮುಳ್ಳು ತೆಗೆದ ಮೀನು. ಧಾರವಾಡದ ಕಡೆಯವರಲ್ಲಿ ಬೇಳೆಯ ಕಟ್ಟಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಯಾರ ಮನೆಯಲ್ಲಾದರೂ ಮೊಟ್ಟೆ, ತೊವ್ವೆ, ರಾಗಿ, ಮೊಸರನ್ನ. ಮಸಾಲೆ ಹಾಕುವ ಮೊದಲು ಮಗುವಿನ ಪಾಲನ್ನು ತೆಗೆದಿಟ್ಟು ಮೇಲೆ ಅರ್ಧ ಚಮಚ ತುಪ್ಪ. ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ; ಚಹಾ ಇದಕ್ಕೆ ತದ್ವಿರುದ್ಧ, ಮಕ್ಕಳಿಗೆ ಬೇಡವೇ ಬೇಡ. ಎರಡು ವರ್ಷದವರೆಗೆ ಸಕ್ಕರೆ ಬೆರೆಸದಿದ್ದರೆ ಒಳ್ಳೆಯದು. ಇಡೀ ಶೇಂಗಾ, ಕಡಲೆ, ಗೋಡಂಬಿ ಕೊಡಬೇಡಿ, ಪುಡಿ ಮಾಡಿ ಬೆರೆಸಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಡಹಾಣೂ ಕಡೆಯ ಚಿಕ್ಕು ಮಕ್ಕಳಿಗೆ ಬಲು ಇಷ್ಟ, ಬೀಜ ತೆಗೆದಿದ್ದೀರಾ ಎಂದು ಎರಡು ಬಾರಿ ನೋಡಿ.

ರಕ್ತಹೀನತೆ ತಡೆಯಲು 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಹತ್ತಿರದ ಅಂಗನವಾಡಿಯಲ್ಲೋ ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲೋ ವಿಚಾರಿಸಿ.

ಹಗಲು ನಿದ್ದೆ

ಈ ವಯಸ್ಸಿಗೆ ದಿನದಲ್ಲಿ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ ಹತ್ತು ಗಂಟೆ, ಮಧ್ಯಾಹ್ನ ಎರಡು ಗಂಟೆ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಹದಿಮೂರರಿಂದ ಹದಿನೆಂಟು ತಿಂಗಳೊಳಗೆ ಹೆಚ್ಚಿನ ಮಕ್ಕಳು ಹಗಲಿನ ಎರಡು ನಿದ್ದೆಗಳಿಂದ ಒಂದಕ್ಕೆ ಬರುತ್ತವೆ. ಬೆಳಗಿನ ನಿದ್ದೆಗೆ ಅರ್ಧ ಗಂಟೆ ಹೊರಳಾಡುವುದು, ಇಲ್ಲವೇ ಅದು ಚೆನ್ನಾಗಿ ಆದ ದಿನ ಮಧ್ಯಾಹ್ನ ಕಣ್ಣು ಮುಚ್ಚದಿರುವುದು ಅದರ ಗುರುತು. ಆಗ ಬೆಳಗಿನ ನಿದ್ದೆಯನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದೂಡುತ್ತ ಹನ್ನೆರಡೂವರೆ, ಒಂದಕ್ಕೆ ತನ್ನಿ. ಈ ನಡುವಿನ ವಾರಗಳಲ್ಲಿ ಊಟವನ್ನು ಹನ್ನೊಂದೂವರೆಗೇ ಮುಗಿಸಿ, ಇಲ್ಲದಿದ್ದರೆ ತಟ್ಟೆಯ ಮುಂದೆಯೇ ತೂಕಡಿಸುತ್ತದೆ. ಎಷ್ಟೇ ಮುದ್ದಾಗಿ ಮಲಗಿದ್ದರೂ ಮೂರೂವರೆಗೆ ಎಬ್ಬಿಸಿ. ಐದಕ್ಕೆ ಎದ್ದ ಮಗು ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ.

ಮುಂಬೈಯಲ್ಲಿ ಸದ್ದಿಗೆ ಬರವಿಲ್ಲ. ಅನೇಕ ಸೊಸೈಟಿಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಡ್ರಿಲ್ಲಿಂಗ್ ಮಾಡುವಂತಿಲ್ಲ ಎಂಬ ನಿಯಮವಿರುತ್ತದೆ. ನಿಮ್ಮಲ್ಲಿದ್ದರೆ ನಿದ್ದೆಯನ್ನು ಆ ಹೊತ್ತಿನತ್ತ ಸ್ವಲ್ಪ ಸರಿಸಿ. ಇಲ್ಲವಾದರೆ ಫ್ಯಾನಿನ ಒಂದೇ ಸಮನೆ ಬರುವ ಸದ್ದು ನೆರವಾಗುತ್ತದೆ. ಕುಕ್ಕರನ್ನು ಮಗು ಮಲಗುವ ಮೊದಲೇ ಇಳಿಸಿ. ಪರದೆ ಎಳೆಯುವುದು, ಕಾಲು ಒರೆಸುವುದು, ಒಂದು ಜೋಗುಳ: ಕ್ರಮ ಪ್ರತಿದಿನವೂ ಒಂದೇ ಇರಲಿ.

ಪಾಳಣಾಘರಕ್ಕೆ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಮನೆಗೆ, ಹೋಗುವ ಮಗುವಾದರೆ ಅಲ್ಲಿನ ವೇಳೆಯನ್ನೇ ಮನೆಯಲ್ಲೂ ಹಿಡಿಯಿರಿ, ರಜೆಯ ದಿನವೂ. ಅಲ್ಲಿ ಮಗುವನ್ನು ನೋಡಿಕೊಳ್ಳುವ ಕಾಕುವನ್ನು (ಚಿಕ್ಕಮ್ಮನನ್ನು) "ಇವತ್ತು ಚೆನ್ನಾಗಿತ್ತೇ" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವಷ್ಟೇ ಬರುತ್ತದೆ. ಎಷ್ಟಕ್ಕೆ ಎದ್ದ, ನಾಲ್ಕರ ನಂತರ ಏನು ತಿಂದ ಎಂದು ಕೇಳಿ. ಆ ಎರಡು ಉತ್ತರಗಳ ಮೇಲೆ ನಿಮ್ಮ ರಾತ್ರಿ ನಿಂತಿದೆ.

ಒಂಬತ್ತೂಕಾಲಿಗೆ ಬರುವ ಅಪ್ಪ

ಇದು ಈ ಊರಿನದೇ ತೊಡಕು. ಮಗು ಕಣ್ಣುಜ್ಜುತ್ತಿರುವಾಗ ಬಾಗಿಲ ಗಂಟೆ ಕೇಳಿಸುತ್ತದೆ, ಅಪ್ಪ ಮೇಲೆತ್ತಿ ಆಡಿಸುತ್ತಾರೆ, ಹನ್ನೊಂದರವರೆಗೂ ಮನೆ ಗದ್ದಲ. ದಿನವಿಡೀ ಮಗುವನ್ನು ಕಾಣದವರ ಆಸೆಯನ್ನು ತಪ್ಪೆನ್ನಲಾಗದು. ಕಚೇರಿಗೆ ತಡವಾಗಿ ಹೋಗುವವರಾದರೆ ಇಡೀ ದಿನಚರಿಯನ್ನೇ ಒಂದು ಗಂಟೆ ಮುಂದೂಡಿ, ಎಂಟಕ್ಕೆ ಎದ್ದು ಹತ್ತಕ್ಕೆ ಮಲಗುವಂತೆ ಮಾಡಬಹುದು. ಉಳಿದವರಿಗೆ ನನ್ನ ಸಲಹೆ: ಬೆಳಗನ್ನು ಅಪ್ಪನಿಗೆ ಬಿಟ್ಟುಕೊಡಿ. ಎಬ್ಬಿಸುವುದು, ಹಾಲು ಕೊಡುವುದು, ಹಲ್ಲುಜ್ಜಿಸುವುದು ಅವರ ಕೆಲಸವಾಗಲಿ. ರಾತ್ರಿ ತಡವಾದರೆ ಕತೆ ಹೇಳಿ ತಟ್ಟಿ ಮಲಗಿಸಲಿ, ಎತ್ತಿ ಹಾರಿಸುವ ಆಟ ಬೇಡ.

ರಾತ್ರಿಯ ಹಾಲಿನ ನಂತರ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸಿಯೇ ಮಲಗಿಸಿ. ಬಾಟಲಿ ಬಾಯಲ್ಲಿಟ್ಟು ಮಲಗುವ ಮಕ್ಕಳ ಮುಂದಿನ ಹಲ್ಲುಗಳು ಬೇಗ ಹುಳುಕಾಗುತ್ತವೆ.

ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದಾಗ, ಜ್ವರ ಬಂದಾಗ ಇದೆಲ್ಲ ಏರುಪೇರಾಗುತ್ತದೆ. ಆಗಲಿ ಬಿಡಿ. ಮರಳಿದ ಮರುದಿನದಿಂದ ಏಳುವ ಹೊತ್ತನ್ನು ಹಿಡಿದರೆ ಉಳಿದದ್ದು ಒಂದೊಂದಾಗಿ ಸಾಲಿಗೆ ಬರುತ್ತದೆ.

ತೂಕ ಎರಡು ಮೂರು ತಿಂಗಳಿಂದ ಏರಿಲ್ಲ ಅಥವಾ ಇಳಿದಿದೆ, ಮುಖ ಬಿಳಿಚಿದೆ, ಮಣ್ಣು ಸುಣ್ಣ ತಿನ್ನುತ್ತಿದೆ, ನುಂಗುವಾಗ ಪದೇ ಪದೇ ಕೆಮ್ಮುತ್ತದೆ, ರಾತ್ರಿ ಬಾಯಿ ತೆರೆದು ಜೋರಾಗಿ ಗೊರಕೆ ಹೊಡೆಯುತ್ತದೆ: ಇವುಗಳಲ್ಲಿ ಒಂದಿದ್ದರೂ ದಿನಚರಿ ಸರಿಹೋಗಲೆಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ಆ ಮೂರು ದಿನದ ಕಾಗದವನ್ನೂ ಲಸಿಕೆ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ.