ಗೋಧಿ ಬಿಟ್ಟ ಮೇಲೆ ಟೆಸ್ಟ್ ಮಾಡಿಸಿದೆ, ಅಲ್ಲೇ ಎಡವಿದ್ದು

ಮೂರು ವರ್ಷ ಐರನ್ ಮಾತ್ರೆ ನುಂಗಿದೀನಿ. ಹಿಮೋಗ್ಲೋಬಿನ್ 9 ದಾಟ್ತಾನೇ ಇರ್ಲಿಲ್ಲ, ಒಂದ್ಸಲ 7.8ಕ್ಕೆ ಇಳಿದು ಡ್ರಿಪ್‌ನಲ್ಲಿ ಐರನ್ ಹಾಕಿಸ್ಕೊಂಡೆ, ನಾಲ್ಕು ತಿಂಗಳಿಗೆ ಮತ್ತೆ ಅದೇ ಕಥೆ. ಬಾಯಲ್ಲಿ ಹುಣ್ಣು, ಕೂದಲು ಉದುರೋದು, ಊಟ ಆದ್ಮೇಲೆ ಹೊಟ್ಟೆ ಉಬ್ಬರ. ಗ್ಯಾಸ್ಟ್ರಿಕ್ ಅಂದ್ರು, ಟೆನ್ಷನ್ ಅಂದ್ರು, ಮುಟ್ಟಲ್ಲಿ ಜಾಸ್ತಿ ಹೋಗತ್ತಾ ಅಂತ ಸ್ಕ್ಯಾನ್ ಮಾಡ್ಸಿದ್ರು. ಗೋಧಿ ಬಗ್ಗೆ ಒಬ್ರೂ ಕೇಳ್ಲಿಲ್ಲ. ಗೋಧಿ, ಬಾರ್ಲಿಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ತಿಂದ್ರೆ ಕರುಳು ಹಾಳಾಗೋ ಕಾಯಿಲೆಗೆ ಸೀಲಿಯಾಕ್ ಅಂತಾರೆ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಅದು ಇದೆ, ಅನ್ನ ತಿನ್ನೋ ನಮ್ಮ ಕಡೆ ತುಂಬ ಕಮ್ಮಿ, ಹಾಗಾಗಿ ಇಲ್ಲಿ ಅದು ಬೇಗ ಯಾರ ತಲೆಗೂ ಹೊಳೆಯಲ್ಲ. ಆದ್ರೆ ನಮ್ಮನೇಲಿ ಮಾವನಿಗೆ ಶುಗರ್ ಅಂತ ರಾತ್ರಿ ದಿನಾ ಚಪಾತಿ, ನಾನೂ ಅದನ್ನೇ ತಿಂತಿದ್ದೆ, ಬೆಳಿಗ್ಗೆ ಉಪ್ಪಿಟ್ಟೋ ಶಾವಿಗೆನೋ, ಲೆಕ್ಕ ಹಾಕಿದ್ರೆ ಎರಡು ಹೊತ್ತೂ ಗೋಧಿನೇ.

ಆಫೀಸಲ್ಲಿ ಪಂಜಾಬಿನ ಸಹೋದ್ಯೋಗಿ ಒಬ್ಬಳು, ಅವಳ ಮಗನಿಗೆ ಇದೇ ಇತ್ತಂತೆ, ಗೋಧಿ ಬಿಟ್ಟು ನೋಡು ಅಂದ್ಲು. ಬಿಟ್ಟೆ. ಮೂರೇ ವಾರಕ್ಕೆ ಉಬ್ಬರ ಹೋಯ್ತು, ಎಷ್ಟು ಖುಷಿ ಆಯ್ತು ಅಂದ್ರೆ ಡಾಕ್ಟರ್ ಹತ್ರ ಹೋಗೋದೇ ಬಿಟ್ಬಿಟ್ಟೆ. ಎಂಟು ತಿಂಗಳಾದ್ಮೇಲೆ ಖಾತ್ರಿ ಮಾಡ್ಕೊಳೋಣ ಅಂತ ಸೀಲಿಯಾಕ್ ಹುಡುಕೋ ಟಿಟಿಜಿ ಐಜಿಎ ರಕ್ತಪರೀಕ್ಷೆ ಮಾಡಿಸಿದ್ರೆ ನಾರ್ಮಲ್!

ಹೊಟ್ಟೆ ತಜ್ಞರು ರಿಪೋರ್ಟ್ ನೋಡಿ ಮೊದಲು ಕೇಳಿದ್ದೇ "ಗೋಧಿ ತಿಂದು ಎಷ್ಟು ದಿನ ಆಯ್ತಮ್ಮ?" ಅಂತ. ಈ ಟೆಸ್ಟ್ ಹುಡುಕೋದು ಗ್ಲುಟನ್ ತಿಂದಾಗ ಮೈ ತನ್ನ ಮೇಲೇ ತಿರುಗಿಬಿದ್ದು ಮಾಡೋ ಆಂಟಿಬಾಡಿನ. ಗ್ಲುಟನ್ ನಿಂತ್ರೆ ಅದೂ ಇಳಿಯತ್ತೆ, ಕರುಳೂ ಮಾಯತ್ತೆ, ಕಾಯಿಲೆ ಇದ್ರೂ ಪರೀಕ್ಷೆಲಿ ಸಿಗಲ್ಲ. ದಿನಕ್ಕೆ ಎರಡು ಚಪಾತಿ, ಎಂಟು ವಾರ ತಿಂದು ಬನ್ನಿ ಅಂದ್ರು. ಆ ಎಂಟು ವಾರ ನೆನೆಸ್ಕೊಂಡ್ರೆ ಈಗ್ಲೂ ಕಷ್ಟ ಆಗತ್ತೆ, ನಾಲ್ಕನೇ ದಿನಕ್ಕೇ ಭೇದಿ ಶುರು, ತಟ್ಟೆ ಮುಂದೆ ಕೂತು ಅತ್ತಿದೀನಿ.

ಈ ಸಲ 20ರ ಒಳಗೆ ಇರಬೇಕಾದ್ದು 96 ಬಂತು. ಒಟ್ಟು ಐಜಿಎ ಕೂಡ ನೋಡಿದ್ರು, ಯಾಕಂದ್ರೆ ಕೆಲವರ ಮೈಯಲ್ಲಿ ಐಜಿಎ ಅನ್ನೋ ಥರದ ಆಂಟಿಬಾಡಿನೇ ಕಮ್ಮಿ ಇರತ್ತೆ, ಅವರಿಗೆ ಟಿಟಿಜಿ ಸುಳ್ಳೇ ನಾರ್ಮಲ್ ತೋರಿಸತ್ತೆ. ಆಮೇಲೆ ಎಂಡೋಸ್ಕೋಪಿ, ಗಂಟಲಿಗೆ ಮರಗಟ್ಟೋ ಸ್ಪ್ರೇ, ಹತ್ತು ನಿಮಿಷದ ಕೆಲಸ, ಸಣ್ಣ ಕರುಳಿನ ಶುರುವಿಂದ ಆರು ಚೂರು ತೆಗೆದ್ರು. ಮಾರ್ಷ್ 3ಎ ಅಂತ ರಿಪೋರ್ಟ್, ಮಾರ್ಷ್ ಅಂದ್ರೆ ಕರುಳು ಎಷ್ಟು ಹಾಳಾಗಿದೆ ಅಂತ ಹೇಳೋ ಅಳತೆ. ಕರುಳಿನ ಒಳಗೆ ಟರ್ಕಿ ಟವಲ್ ಥರ ಎದ್ದು ನಿಂತಿರಬೇಕಾದ ಎಳೆಗಳು ಸವೆದು ಹೋಗಿದ್ವು, ಐರನ್ ಹೀರ್ಕೊಳೋ ಜಾಗನೇ ಅದು. ಮೂರು ವರ್ಷದ ಮಾತ್ರೆ ಎಲ್ಲಿ ಹೋಯ್ತು ಅಂತ ಅವತ್ತು ಅರ್ಥ ಆಯ್ತು.

ಗೋಧಿ, ಮೈದಾ, ರವೆ, ಶಾವಿಗೆ ಬಿಡೋದು ಸುಲಭವೇ, ಅಕ್ಕಿ ರಾಗಿ ಜೋಳ ಇರೋ ನಾಡು ನಮ್ದು. ಆದ್ರೂ ಆರು ತಿಂಗಳಿಗೆ ಟಿಟಿಜಿ 58ರಲ್ಲೇ ನಿಂತಿತ್ತು. ಒಂದು ರಾತ್ರಿ ಅಡುಗೆಮನೇಲಿ ಒಂದೊಂದೇ ಡಬ್ಬಿ ಓದ್ತಾ ಕೂತೆ, ಹಿಂಗಿನ ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು! ದಿನಾ ಸಾರಿಗೆ ಹಾಕ್ತಿದ್ದೆ. ಅಂಗಡಿ ಹಿಂಗಲ್ಲಿ ಎಷ್ಟೋ ಬ್ರಾಂಡ್‌ಗೆ ಗೋಧಿ ಹಿಟ್ಟು ಬೆರೆಸಿರ್ತಾರೆ. ಎರಡನೇದು ಗಿರಣಿ, ಗೋಧಿ ಬೀಸಿದ ಕಲ್ಲಲ್ಲೇ ನನ್ನ ರಾಗಿನೂ ಬೀಸ್ತಿದ್ರು. ಈಗ ಮನೇಲೇ ಮಿಷನ್ ಇಟ್ಕೊಂಡಿದೀನಿ. ಹಾಲಿಗೆ ಹಾಕೋ ಮಾಲ್ಟ್ ಪುಡಿಲಿ ಬಾರ್ಲಿ ಇರತ್ತೆ, ಅದೂ ಆಗಲ್ಲ, ಬರೀ ರಾಗಿಲಿ ಮನೇಲಿ ಮಾಡೋ ಮಾಲ್ಟ್ ಬೇರೆ. ಸತ್ಯನಾರಾಯಣ ಪೂಜೆ ಸಜ್ಜಿಗೆ ಕೈಗೆ ಬಂದಾಗ ಅತ್ತೆ "ಚೂರು ತಗೊಂಡ್ರೆ ಏನಾಗತ್ತಮ್ಮ" ಅನ್ನೋರು, ಬಯಾಪ್ಸಿ ರಿಪೋರ್ಟ್ ಕೂರಿಸಿ ಓದಿ ಹೇಳಿದ್ಮೇಲೆ ಈಗ ಅವರೇ ನನಗೆ ಅಂತ ಅವಲಕ್ಕಿ ಪ್ರಸಾದ ಬೇರೆ ಮಾಡಿಡ್ತಾರೆ.

ರಕ್ತಸಂಬಂಧಿಗಳಿಗೂ ಬರೋ ಸಾಧ್ಯತೆ ಇರತ್ತೆ ಅಂತ ಡಾಕ್ಟರ್ ಹೇಳಿದ್ರಿಂದ ಅಮ್ಮ, ತಂಗಿ, ಮಗ ಎಲ್ರಿಗೂ ಟೆಸ್ಟ್ ಮಾಡಿಸಿದೆ. ತಂಗಿದು ಪಾಸಿಟಿವ್. ಸುಸ್ತು ಬಿಟ್ರೆ ಅವಳಿಗೆ ಏನೂ ತೊಂದರೆ ಇರ್ಲಿಲ್ಲ. ಅವತ್ತೇ ಫೋನ್ ಮಾಡಿ "ಅಕ್ಕಾ, ಇವತ್ತಿಂದ್ಲೇ ಗೋಧಿ ಬಿಡ್ತೀನಿ" ಅಂದ್ಲು. ಬೇಡ ಕಣೇ, ಮುಂದಿನ ಗುರುವಾರ ಎಂಡೋಸ್ಕೋಪಿ ಆಗೋವರೆಗೂ ಚಪಾತಿ ತಿಂತಾನೇ ಇರು ಅಂದೆ.