ಚಾರ್ಜ್ ಮುಗಿಯುವ ಮುನ್ನ, ಮುಗಿದ ಮೇಲೆ

ತುಮಕೂರಿನಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗಿಬಂದರೆ ಸುಮಾರು 200 ಕಿ.ಮೀ. ಎಲೆಕ್ಟ್ರಿಕ್ ಕಾರಿನ ಡ್ಯಾಶ್‌ಬೋರ್ಡ್ 210 ತೋರಿಸ್ತಿದೆ, ಸಾಕು ಅಂತ ಹೊರಟವರೇ ವಾಪಸು ಬರುವಾಗ ರಸ್ತೆ ಬದಿ ನಿಂತಿರುತ್ತಾರೆ. ಆ ಸಂಖ್ಯೆ ನೀವು ಈವರೆಗೆ ಓಡಿಸಿದ ರೀತಿ ನೋಡಿ ಕಾರು ಹಾಕಿದ ಅಂದಾಜು ಅಷ್ಟೆ.

ಹಾಗಾಗಿ ಮೊದಲನೆಯದು: ಕಿಲೋಮೀಟರ್ ಬಿಟ್ಟು ಪರ್ಸೆಂಟ್ ನೋಡಿ. 20ಕ್ಕೆ ಬಂತೋ, ಚಾರ್ಜರ್ ಕಡೆ ತಿರುಗಿಸಿ.

ಎರಡನೆಯದು, ‘ಸೊನ್ನೆ ಆದ್ಮೇಲೂ ಹತ್ತು ಕಿಲೋಮೀಟರ್ ಓಡುತ್ತೆ ಬಿಡ್ರೀ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಸೆಲ್‌ಗಳು ಪೂರ್ತಿ ಬರಿದಾಗಿ ಕೆಡದಿರಲಿ ಅಂತ ಕಂಪನಿಯವರು ತಳದಲ್ಲಿ ಸ್ವಲ್ಪ ಉಳಿಸಿರುತ್ತಾರೆ, ನಿಜ. ಅದು ಬ್ಯಾಟರಿಯ ಪಾಲು, ನಿಮ್ಮದಲ್ಲ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಂತೂ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಉಳಿದ ಚಾರ್ಜಿನ ಲೆಕ್ಕವೇ ತಪ್ಪಬಹುದು. 6 ಇದ್ದದ್ದು ಏಕಾಏಕಿ 1 ಆದೀತು. ಆಗಾಗ 100ರವರೆಗೆ ಚಾರ್ಜ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ಚಾರ್ಜ್ 10 ಪರ್ಸೆಂಟಿಗೆ ಇಳಿದಾಗ ಜನ ಎಸಿ ಆಫ್ ಮಾಡಿ, ಬೆವರುತ್ತಾ 80 ಕಿ.ಮೀ. ವೇಗದಲ್ಲೇ ಓಡಿಸುತ್ತಾರೆ. ವೇಗ ಇಳಿಸಿ ಸ್ವಾಮಿ! 60ಕ್ಕೆ ಬಂದರೆ ಗಾಳಿಯ ತಡೆ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಎಸಿ ಆಮೇಲೆ.

ಇನ್ನು ಎಲ್ಲರೂ ಎಡವುವ ಜಾಗ: ಹಳ್ಳಿಯಲ್ಲಿ ಪ್ಲಗ್ ಹುಡುಕುವುದು. ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅದರ ಪಕ್ಕದಲ್ಲೇ ನಿಂತರೂ ನಿಮಗೆ ಬೇಕಿರುವುದು ದಪ್ಪ ತೂತಿನ ಒಂದು 15 ಆಂಪ್ ಪಾಯಿಂಟ್. ಮನೆಗಳಿಗಿಂತ ಮೊದಲು ಪೆಟ್ರೋಲ್ ಬಂಕ್, ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪ್ ಕೇಳಿ. ಮನೆಯಲ್ಲಾದರೆ ‘ಅಕ್ಕಾ, ಎರಡು ಗಂಟೆ ಕರೆಂಟು ಕೊಡ್ತೀರಾ, ದುಡ್ಡು ಕೊಡ್ತೀನಿ’ ಅಂದು, ಅವರೆದುರೇ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಪಂಪ್‌ಸೆಟ್ ಸ್ಟಾರ್ಟರ್‌ನಿಂದ ವೈರ್ ಎಳೆಯುವ ಸಾಹಸ ಬೇಡವೇ ಬೇಡ.

ಚಾರ್ಜರ್ ಸಿಕ್ಕಿಸಿದ ಕೂಡಲೇ ಕೆಂಪು ದೀಪ ಬಂದರೆ ಬಹುತೇಕ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಇದಕ್ಕೆಂದೇ ನ್ಯೂಟ್ರಲ್ ಮತ್ತು ಅರ್ಥ್ ಒಳಗೇ ಜೋಡಿಸಿದ ಪುಟ್ಟ ಪ್ಲಗ್ ಮಾರುತ್ತಾರೆ. ಕೊಳ್ಳಬೇಡಿ. ನ್ಯೂಟ್ರಲ್ ಎಲ್ಲಾದರೂ ಕಿತ್ತುಹೋದರೆ ಕಾರಿನ ಬಾಡಿಗೇ ಕರೆಂಟು ಬರುತ್ತದೆ, ಬಾಗಿಲು ಮುಟ್ಟಿದವರ ಗತಿ ಅಷ್ಟೇ. ಬೇರೆ ಪಾಯಿಂಟ್ ನೋಡಿ. ಟಿವಿ, ಮಿಕ್ಸಿಯ ತೆಳು ಎಕ್ಸ್‌ಟೆನ್ಷನ್ ಕೂಡ ಬೇಡ. 2.5 ಚದರ ಮಿ.ಮೀ. ತಾಮ್ರದ ವೈರಿನದು ಡಿಕ್ಕಿಯಲ್ಲಿರಲಿ. ಬಳಸುವಾಗ ಸುರುಳಿ ಪೂರ್ತಿ ಬಿಚ್ಚಿ. ಹತ್ತು ನಿಮಿಷ ಕಳೆದು ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಕಾದಿದ್ದರೆ ಆಫ್ ಮಾಡಿ. ಗಂಟೆಗೆ ಸುಮಾರು 3 ಯೂನಿಟ್, ಅಂದರೆ 20 ಕಿ.ಮೀ. ಆಸುಪಾಸು ಸಿಗುತ್ತದೆ.

ನಿಂತೇ ಹೋದರೆ? ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಸಬೇಡಿ. ಮೋಟಾರಿಗೆ ಸೇರಿದ ಚಕ್ರ ತಿರುಗಿದರೆ ಮೋಟಾರೇ ಕರೆಂಟು ಹುಟ್ಟಿಸಿ ಒಳಗಿನದನ್ನು ಸುಡಬಹುದು. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ. ಅದು ಬರುವವರೆಗೆ ಹಾಡು, ದೀಪ ಹಚ್ಚಿ ಕೂರಬೇಡಿ. ಚಿಕ್ಕ 12 ವೋಲ್ಟ್ ಬ್ಯಾಟರಿಯೂ ಸತ್ತರೆ, ಚಾರ್ಜರ್ ಸಿಕ್ಕಿದರೂ ಕಾರು ಚಾರ್ಜ್ ತೆಗೆದುಕೊಳ್ಳುವುದಿಲ್ಲ. ರಾತ್ರಿಯಾದರೆ ಹಿಂದೆ ರಿಫ್ಲೆಕ್ಟರ್ ತ್ರಿಕೋನ ಇಡಿ. ಗಾಡಿ ಬಂದ ಮೇಲೆ ಸೀದಾ ಹತ್ತಿರದ ಫಾಸ್ಟ್ ಚಾರ್ಜರ್‌ಗೆ ಹೇಳಿ, ಮನೆಗಲ್ಲ.