ಜೀಪಿನ ಹಿಂದಿನ ಆಕ್ಸಲ್‌ನ ಗುಂಯ್ ಸದ್ದು
ಕಪ್ಪತಗುಡ್ಡದ ಬುಡದ ಹೊಲದ ದಾರಿಯಲ್ಲಿ ಓಡಾಡಿದ ಮೇಲೆ ಜೀಪಿನ ಹಿಂದೆ ಗುಂಯ್ ಅನ್ನೋ ಸದ್ದು ಶುರುವಾಯಿತು. ಗ್ಯಾರೇಜಿನಲ್ಲಿ ಡಿಫರೆನ್ಶಿಯಲ್ (ಹಿಂದಿನ ಎರಡೂ ಗಾಲಿಗೆ ಎಂಜಿನ್ ಶಕ್ತಿ ಹಂಚುವ ಗೇರುಗಳ ಗಡ್ಡೆ) ಹೋಗಿದೆ, ಬಿಚ್ಚಬೇಕು ಅಂದರು. ಸುಮ್ನೆ ಒಪ್ಪಲು ಮನಸ್ಸಾಗಲಿಲ್ಲ.

ಗದಗ-ಹುಬ್ಬಳ್ಳಿ ರಸ್ತೆಯಲ್ಲಿ 50ರ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿದೆ. ಡಿಫರೆನ್ಶಿಯಲ್ ಒಳಗಿನ ಪಿನಿಯನ್ ಗೇರು ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಒಂದು, ಬಿಟ್ಟಾಗ ಒಂದು ಥರ ಸದ್ದು ಬರುತ್ತದೆ. ಇದು ಬದಲಾಗಲಿಲ್ಲ. ಎಡಕ್ಕೆ ತಿರುಗಿಸಿದಾಗ ಮಾತ್ರ ಜಾಸ್ತಿಯಾಯಿತು. ಆಗ ಭಾರ ಬಲಗಾಲಿ ಮೇಲೆ ಬೀಳುತ್ತದೆ ಅಲ್ವಾ!

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಒಂದು ಕೈಯಲ್ಲಿ ಬಲಗಾಲಿ ತಿರುಗಿಸುತ್ತಾ ಇನ್ನೊಂದನ್ನು ಸ್ಪ್ರಿಂಗ್ ಮೇಲೆ ಇಟ್ಟೆ. ಮರಳು ಅರೆದಂತೆ ಕರಕರ ಬೆರಳಿಗೆ ತಾಗಿತು. ಬಿಚ್ಚಿದರೆ ಆ ಗಾಲಿಯ ಬೇರಿಂಗ್ ರೋಲರ್ ತುಂಬಾ ಸಣ್ಣ ಸಣ್ಣ ಗುಳಿ, ಗ್ರೀಸಿನಲ್ಲಿ ಕೆಂಪು ಮಣ್ಣು. ಹೊಸ ಬೇರಿಂಗ್ ಜೊತೆ, ಮಣ್ಣು ಒಳಗೆ ಹೋಗದಂತೆ ತಡೆಯುವ ಸೀಲನ್ನೂ ಬದಲಿಸಿದೆ. ಈಗ ಅಣ್ಣಿಗೇರಿ ದಾಟಿದರೂ ಟೈರಿನ ಸದ್ದಷ್ಟೇ ಕೇಳುತ್ತದೆ.